ಮೃತ್ಯು ಕಣಿವೆಯ ಹೊನ್ನಿನ ಗಣಿ

ಮಳೆಯ ನಾಡಿನಲ್ಲಿ ಜನರು ಬಿಟ್ಟುಹೋದ ಕಟ್ಟಡದ ಮರಮುಟ್ಟುಗಳು ಕೆಲವೇ ವರ್ಷಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತವೆ; ಕಬ್ಬಿಣವು ತುಕ್ಕು ಹಿಡಿದು ಮಣ್ಣುಗೂಡುತ್ತದೆ. ಮರುಭೂಮಿಯ ರೀತಿಯೇ ಬೇರೆ. ವರ್ಷಕ್ಕೆ ಐದಾರು ಸೆಂಟಿಮೀಟರುಗಳಷ್ಟು ಮಾತ್ರ ಮಳೆ ಬೀಳುವೆಡೆಯಲ್ಲಿ ಶತಮಾನದ ಹಿಂದೆ ನಿಲ್ಲಿಸಿದ ಮರದ ಗೋಪುರಗಳು ಇಂದಿಗೂ ನಿಂತಿರಬಲ್ಲವು. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ‘ಡೆತ್ ವ್ಯಾಲಿ’, ಎಂದರೆ ಮೃತ್ಯು ಕಣಿವೆ, ಎಂಬ ಪ್ರದೇಶವಿದೆ. ಅದರ ಪೂರ್ವದ ಅಂಚಿನ ಫ್ಯೂನರಲ್ ಬೆಟ್ಟಗಳಲ್ಲಿ ಅಂತಹ ಗೋಪುರಗಳ ಸಾಲೊಂದು ಕಾಣಿಸುತ್ತದೆ. ಇದು ‘ಕೀನ್ ವಂಡರ್’ ಎಂಬ ಚಿನ್ನದ ಗಣಿಯ ಅವಶೇಷ.

ಈ ಗಣಿಯ ಕಥೆಯು ಮನುಷ್ಯನಿಂದ ಆರಂಭವಾಗುವುದಿಲ್ಲ. ಫ್ಯೂನರಲ್ ಬೆಟ್ಟಗಳ ಈ ಭಾಗದ ಶಿಲೆಗಳು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಶೇಖರವಾದ ಮರಳು, ಜೇಡಿ ಮತ್ತು ಸುಣ್ಣದ ಪದರಗಳು. ಕಾಲಾಂತರದಲ್ಲಿ ಅವು ಭೂಮಿಯ ಆಳದಲ್ಲಿ ಹೂತುಹೋಗಿ, ಅಲ್ಲಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪಾಂತರ ಹೊಂದಿದವು. ಜೇಡಿಯು ಹಾಳೆಹಾಳೆಯಾಗಿ ಸೀಳುವ ‘ಶಿಸ್ಟ್’ ಶಿಲೆಯಾಯಿತು, ಮರಳು ಬೆಣಚುಶಿಲೆಯಾಯಿತು, ಸುಣ್ಣದ ಕಲ್ಲು ಅಮೃತಶಿಲೆಯಾಯಿತು.

ಭೂಮಿಯ ಆಳದಲ್ಲಿ ನೀರು ಕುದಿಯುವ ಬಿಂದುವನ್ನು ಮೀರಿ ಕಾಯ್ದಿದ್ದರೂ, ಮೇಲಿನ ಒತ್ತಡದಿಂದ ದ್ರವವಾಗಿಯೇ ಇರಬಲ್ಲದು. ಇಂತಹ ನೀರಿನಲ್ಲಿ ಗಂಧಕದ ಸಂಯುಕ್ತಗಳಿದ್ದರೆ, ಎಂದೂ ಕರಗದೆಂದು ನಾವು ಭಾವಿಸುವ ಚಿನ್ನವೂ ಅಲ್ಪ ಪ್ರಮಾಣದಲ್ಲಿ ಕರಗುತ್ತದೆ. ಶಿಲೆಯಲ್ಲಿ ಬಿರುಕುಂಟಾದಾಗ ಈ ನೀರು ಮೇಲಕ್ಕೇರುತ್ತದೆ. ಒತ್ತಡ ಇಳಿಯುತ್ತದೆ, ಶಾಖ ತಗ್ಗುತ್ತದೆ. ಆಗ ನೀರು ತಾನು ಹೊತ್ತು ತಂದುದನ್ನು ಬಿರುಕಿನಲ್ಲಿಯೇ ಬಿಟ್ಟುಬಿಡುತ್ತದೆ. ಹೀಗೆ ತುಂಬಿಕೊಂಡ ಬಿಳಿಯ ಬೆಣಚುಕಲ್ಲಿನ ಪಟ್ಟಿಗೆ ಸಿರವೆಂದು ಹೆಸರು. ಒಂದು ಟನ್ ಸಿರಶಿಲೆಯಲ್ಲಿ ಒಂದೆರಡು ಉಂಗುರಗಳಿಗೆ ಸಾಲುವಷ್ಟು ಚಿನ್ನ ದೊರೆತರೂ ಗಣಿಗಾರನು ಅದನ್ನು ಭಾಗ್ಯವೆಂದೇ ಎಣಿಸುತ್ತಾನೆ.

ಆಳದಲ್ಲಿ ಹುಟ್ಟಿದ ಈ ಸಿರಗಳು ಬೆಟ್ಟದ ಮೇಲೆ ಕಾಣಿಸಿಕೊಂಡುದು ಹೇಗೆ? ಪಶ್ಚಿಮ ಅಮೆರಿಕದ ಈ ಭಾಗದಲ್ಲಿ ಭೂಮಿಯ ಹೊರಪದರವು ಪೂರ್ವ-ಪಶ್ಚಿಮವಾಗಿ ಎಳೆಯಲ್ಪಡುತ್ತಿದೆ. ಎಳೆತಕ್ಕೆ ಸಿಕ್ಕ ಪದರವು ಒಡೆದು, ಕೆಲವು ಭಾಗಗಳು ಕುಸಿದು ಕಣಿವೆಗಳಾದವು; ಕೆಲವು ಮೇಲೆದ್ದು ಬೆಟ್ಟಗಳಾದವು. ಮೃತ್ಯು ಕಣಿವೆಯ ಅತಿ ತಗ್ಗಿನ ಭಾಗವು ಸಮುದ್ರಮಟ್ಟಕ್ಕಿಂತ 86 ಮೀಟರು ಕೆಳಗಿದೆ. ಫ್ಯೂನರಲ್ ಬೆಟ್ಟಗಳಲ್ಲಾದರೋ ಮೇಲಿನ ಶಿಲೆಗಳು ಜಾರಿಹೋಗಿ ಆಳದ ಶಿಲೆಗಳು ಬೆಳಕಿಗೆ ಬಂದವು.

ಮನುಷ್ಯನ ಪ್ರವೇಶವಾಗುವುದು ಇಲ್ಲಿ. 1903ರ ಕೊನೆಯಲ್ಲಿ ಜ್ಯಾಕ್ ಕೀನ್ ಮತ್ತು ಡೊಮಿಂಗೊ ಎಚ್ಚರೆನ್ ಎಂಬಿಬ್ಬರು ಬೆಳ್ಳಿಯನ್ನರಸುತ್ತ ಈ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ದುಡಿದಿದ್ದರು. ಬೆಳ್ಳಿ ಕೈಗೂಡಲಿಲ್ಲ, ಸಮೀಪದಲ್ಲಿಯೇ ಚಿನ್ನದ ಸಿರವು ಕೀನನ ಕಣ್ಣಿಗೆ ಬಿತ್ತು. ‘ಕೀನನ ಅದ್ಭುತ’ ಎಂಬರ್ಥದ ಹೆಸರು ಅದಕ್ಕೆ ಬಂದುದು ಸಹಜವೇ. 1906ರಲ್ಲಿ ಗಣಿಯು ಹೋಮರ್ ವಿಲ್ಸನ್ ಎಂಬಾತನ ಕೈಸೇರಿತು.

ಸಿರವಿದ್ದುದು ಬೆಟ್ಟದ ಮೇಲೆ. ಗಿರಣಿಗೆ ಸ್ಥಳವಿದ್ದುದು ಸುಮಾರು 450 ಮೀಟರು ಕೆಳಗೆ. ಇವೆರಡರ ನಡುವೆ ಸುಮಾರು ಒಂದೂವರೆ ಕಿಲೋಮೀಟರು ಉದ್ದದ ತಂತಿಮಾರ್ಗವನ್ನು ಕಟ್ಟಿದರು. ಅದಕ್ಕೆ ಯಂತ್ರದ ಬಲ ಬೇಕಿರಲಿಲ್ಲ. ಅದಿರು ತುಂಬಿದ ತೊಟ್ಟಿಗಳು ತಮ್ಮ ಭಾರದಿಂದಲೇ ಇಳಿಯುತ್ತ ಬರಿಯ ತೊಟ್ಟಿಗಳನ್ನು ಮೇಲಕ್ಕೆಳೆಯುತ್ತಿದ್ದವು. ಉಳಿದ ಶಕ್ತಿಯಿಂದ ಕಲ್ಲೊಡೆಯುವ ಯಂತ್ರವೂ ನಡೆಯುತ್ತಿತ್ತು. ವಾಚಕರು ಲೆಕ್ಕ ಹಾಕಿ ನೋಡಬಹುದು: ಗಂಟೆಗೆ ಹತ್ತು ಟನ್ ಅದಿರು ಅಷ್ಟು ಎತ್ತರದಿಂದ ಇಳಿದರೆ, ಘರ್ಷಣೆಯ ನಷ್ಟವನ್ನು ಬಿಟ್ಟು ಎಣಿಸಿದಲ್ಲಿ, ಸುಮಾರು ಹದಿನಾರು ಅಶ್ವಶಕ್ತಿ ದೊರೆಯುತ್ತದೆ.

ಕೆಳಗೆ ಇಪ್ಪತ್ತು ಕಬ್ಬಿಣದ ಒನಕೆಗಳ ಗಿರಣಿಯು 1907ರಲ್ಲಿ ಸಿದ್ಧವಾಯಿತು. ಒನಕೆಗಳು ಅದಿರನ್ನು ಕುಟ್ಟಿ ಪುಡಿಮಾಡಿದ ಮೇಲೆ ಅದನ್ನು ನೀರಿನೊಡನೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಯಿಸುವುದು ಅಂದಿನ ಕ್ರಮ. ಚಿನ್ನವು ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಕಲ್ಲಿನ ಪುಡಿ ಹರಿದುಹೋಗುತ್ತದೆ. ಇದಕ್ಕೆಲ್ಲ ನೀರು ಅತ್ಯಾವಶ್ಯಕ. ಬೆಟ್ಟದ ಬುಡದ ಕೆಲವು ಬುಗ್ಗೆಗಳಿಂದ ಕೊಳವೆಯ ಮೂಲಕ ಅದನ್ನು ತರಬೇಕಾಯಿತು.

ಅದೇ 1907ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಕುಸಿದುಬಿದ್ದವು; ಗಣಿಯ ಹಣವಿದ್ದ ಬ್ಯಾಂಕೂ ಮುಳುಗಿತು. ಆದರೂ ಕೆಲಸ ನಿಲ್ಲಲಿಲ್ಲ. ಕೊನೆಗೆ ಗಣಿಯನ್ನು ಸೋಲಿಸಿದುದು ಶಿಲೆಯೇ. ಇಂತಹ ಸಿರಗಳು ಎಲ್ಲೆಡೆಯೂ ಒಂದೇ ದಪ್ಪವಾಗಿರುವುದಿಲ್ಲ; ಉಬ್ಬುತ್ತವೆ, ಸೊರಗುತ್ತವೆ, ಕೆಲವೆಡೆ ಮುಗಿದೇ ಹೋಗುತ್ತವೆ. 1912ರ ವೇಳೆಗೆ ಒಳ್ಳೆಯ ಅದಿರು ತೀರಿತ್ತು. ಅಲ್ಲಿಯವರೆಗೆ ಸುಮಾರು ಹತ್ತು ಲಕ್ಷ ಡಾಲರು ಬೆಲೆಯ ಚಿನ್ನ ದೊರೆತಿತ್ತು. ಅಂದಿನ ಧಾರಣೆಯಂತೆ ಅದು ಒಂದೂವರೆ ಟನ್ನಿನಷ್ಟು. ಮುಂದೆ ಕೆಲವರು ಬಿಸುಟ ಪುಡಿಯನ್ನೇ ಸಯನೈಡಿನಿಂದ ತೊಳೆದು ಉಳಿದ ಕಣಗಳನ್ನು ಹುಡುಕಿದರು.

1933ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಸ್ಮಾರಕವೆಂದೂ 1994ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಘೋಷಿತವಾಯಿತು. ಚಿನ್ನ ಹೋದರೂ ಅಪಾಯ ಹೋಗಿರಲಿಲ್ಲ. ಹಳೆಯ ಗಣಿಗಳ ಸುರಂಗಗಳು ಕುಸಿಯುತ್ತವೆ, ಬಾವಿಗಳು ಬಾಯ್ದೆರೆದಿರುತ್ತವೆ, ಗಿರಣಿಯ ಮಣ್ಣಿನಲ್ಲಿ ವಿಷವಸ್ತುಗಳು ಉಳಿದಿರುತ್ತವೆ. ಆದುದರಿಂದ 2008ರಲ್ಲಿ ಈ ಗಣಿಪ್ರದೇಶವನ್ನು ಸಾರ್ವಜನಿಕರಿಗೆ ಮುಚ್ಚಿ, ದುರಸ್ತಿಯ ಬಳಿಕ 2017ರಲ್ಲಿ ಮತ್ತೆ ತೆರೆದರು. ಹತ್ತು ವರ್ಷವೂ ಸರಿಯಾಗಿ ನಡೆಯದ ಗಣಿಯನ್ನು ನಿರಪಾಯಗೊಳಿಸಲು ಒಂಬತ್ತು ವರ್ಷಗಳು ಬೇಕಾದವು. ಗಣಿಯನ್ನು ತೆರೆಯುವಾಗ ಹಾಕುವ ಲೆಕ್ಕದಲ್ಲಿ ಅದನ್ನು ಮುಚ್ಚುವ ಖರ್ಚನ್ನೂ ಸೇರಿಸಬೇಕೆಂಬ ಪಾಠ ಇದರಲ್ಲಿದೆ.

ಬೆಟ್ಟದ ಬುಡದ ಬಿರುಕುಗಳಿಂದ ಬುಗ್ಗೆಗಳು ಈಗಲೂ ಹೊರಡುತ್ತವೆ. ಕರಗಿಸಿ ತಂದ ಸುಣ್ಣವನ್ನು ಪದರಪದರವಾಗಿ ನೆಲದ ಮೇಲೆ ಇಳಿಸುತ್ತಿವೆ. ಅದರಲ್ಲಿ ಚಿನ್ನವಿಲ್ಲದಿದ್ದರೂ, ಸಿರಗಳನ್ನು ನಿರ್ಮಿಸಿದ ನೀರಿನ ಕೆಲಸವು ಎಂತಹುದೆಂಬುದನ್ನು ನಾವು ಅಲ್ಲಿ ಕಣ್ಣಾರೆ ಕಾಣಬಹುದು.