ಹೊಟ್ಟೆ ಖಾಲಿ ಇರಲಿ, ನೀರು ಯಾಕೆ?

ಪ್ರಶ್ನೆ: ಹೊಟ್ಟೆ, ಮೂತ್ರಾಂಗದ ಕಾಂಟ್ರಾಸ್ಟ್ ಸಿ.ಟಿ. ಸ್ಕ್ಯಾನ್‌ಗೆ ಉಪವಾಸ ಬನ್ನಿ, ಆದರೆ ನೀರು ಕುಡಿಯಿರಿ ಎನ್ನುತ್ತಾರೆ. ಏನಿದು? (ಹೊಸದುರ್ಗದ ಓದುಗರು)

ಉತ್ತರ: ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಅಯೋಡಿನ್ ಇರುವ ದ್ರವ. ಅಯೋಡಿನ್ ಎಕ್ಸ್‌ರೇ ಕಿರಣ ಹೀರುವುದರಿಂದ ಅದು ಹರಿದಲ್ಲೆಲ್ಲ ಚಿತ್ರ ಬೆಳ್ಳಗೆ ಮೂಡುತ್ತದೆ. ಹಿರಿಯೂರಿನವರಿಗೆ ಹೇಳುವುದಾದರೆ, ವಾಣಿವಿಲಾಸ ಸಾಗರದಿಂದ ನಾಲೆಗೆ ನೀರು ಬಿಟ್ಟ ಹಾಗೆ: ಮೊದಲು ಮೂತ್ರಪಿಂಡ, ಸುಮಾರು 10 ನಿಮಿಷದ ಹೊತ್ತಿಗೆ ಮೂತ್ರನಾಳ, ಮೂತ್ರಕೋಶ. ಒಮ್ಮೆ ಚಿತ್ರ ತೆಗೆದು ಮತ್ತೆ ಕಾಯಿಸುವುದು ಅದಕ್ಕೇ. ದ್ರವ ಹೊರಹೋಗುವುದೂ ಬಹುಪಾಲು ಮೂತ್ರದಲ್ಲೇ. ನೀರು ಬೇಕಾಗುವುದು ಇಲ್ಲಿ.

ಉಪವಾಸ ವಾಂತಿಯ ಭಯಕ್ಕೆ. ಇಂದಿನ ಕಾಂಟ್ರಾಸ್ಟ್‌ಗಳಿಗೆ ಅದು ಬೇಕಿಲ್ಲ ಎಂದು ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಆದರೂ ಹಲವೆಡೆ 4 ಗಂಟೆಯ ಲೆಕ್ಕ ಉಳಿದಿದೆ. ಸ್ಕ್ಯಾನ್ ಕೇಂದ್ರ ಹೇಳಿದಂತೆ ನಡೆಯುವುದೇ ಸರಿ.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಸ್ಸು ಹತ್ತುವ ಮೊದಲೇ ಊರಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಂಡರೆ ವರದಿಗಾಗಿ ಮತ್ತೊಂದು ಓಡಾಟ ತಪ್ಪೀತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿಯಾದವರು, ಗರ್ಭಿಣಿಯರು ಮುಂಚೆಯೇ ಹೇಳಬೇಕು. ಮಾತ್ರೆ ನಿಲ್ಲಿಸುವುದೋ ಬೇಡವೋ ಎಂಬುದು ವೈದ್ಯರ ತೀರ್ಮಾನ.

ಬರೀ ಕಲ್ಲು ಹುಡುಕಲು ಸಾಮಾನ್ಯವಾಗಿ ಕಾಂಟ್ರಾಸ್ಟ್ ಬೇಡ. ಕೊಟ್ಟರೆ ಮೈಯೆಲ್ಲ ಬಿಸಿಯೇರಿ, ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಎನಿಸುತ್ತದೆ. ಹೋಗಿರುವುದಿಲ್ಲ.