ಗೋಡೆಗೇರಿದ ಅರಸರ ಲೇವಡಿ

1791ರಲ್ಲಿ ಶ್ರೀರಂಗಪಟ್ಟಣದ ದೊಡ್ಡ ಬೀದಿಗಳ ಮನೆಗೋಡೆಗಳಿಗೆಲ್ಲ ಸುಣ್ಣ ಬಳಿಯಬೇಕೆಂದು ಟಿಪ್ಪು ಸುಲ್ತಾನ್ ಅಪ್ಪಣೆ ಕೊಟ್ಟ. ಯಾವ ಹಬ್ಬಕ್ಕಾಗಿಯೂ ಅಲ್ಲ. ಆ ಗೋಡೆಗಳ ಮೇಲೆ ಅವನೇ ಬರೆಸಿದ್ದ ಆಳೆತ್ತರದ ಲೇವಡಿ ಚಿತ್ರಗಳಿದ್ದವು: ಗಡಗಡ ನಡುಗುವ ಇಂಗ್ಲಿಷಿನವನನ್ನು ಹಿಡಿದ ಹುಲಿ, ಒಂದೇ ಏಟಿಗೆ ಇಬ್ಬರು ಇಂಗ್ಲಿಷರ ತಲೆ ಹಾರಿಸುವ ಸವಾರ, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಕುರ್ಚಿಯಲ್ಲಿ ಕೂತ ಇಂಗ್ಲಿಷಿನವನ ಕಾಲಡಿ ಬಿದ್ದಿರುವ ಆರ್ಕಾಟಿನ ನವಾಬ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಇವನ್ನೆಲ್ಲ ದಾಖಲಿಸಿದ್ದಾನೆ. ಇನ್ನು ಕೆಲವು ಚಿತ್ರಗಳು ಬಾಯಿಬಿಟ್ಟು ಹೇಳುವಂಥವಲ್ಲ ಎಂದು ಕೈಬಿಟ್ಟಿದ್ದಾನೆ. ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯತ್ತ ಬರತೊಡಗಿದಾಗ ಸುಲ್ತಾನನಿಗೆ ಆ ನಗು ಬೇಡವಾಯಿತು.

ಆದರೆ ಅರಕೆರೆಯ ಬಳಿ ಗೆದ್ದೂ ಮೇ ತಿಂಗಳ ಕೊನೆಗೆ ಹಿಂದಿರುಗಿದವನು ಕಾರ್ನ್‌ವಾಲಿಸನೇ. ಮುಂಗಾರು ಹಿಡಿದಿತ್ತು, ಅಕ್ಕಿ ಮುಗಿದಿತ್ತು, ಫಿರಂಗಿ ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ರಾಶಿರಾಶಿ ಸತ್ತಿದ್ದವು. ಎಳೆಯುವ ದನವಿಲ್ಲದ ಮೇಲೆ ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ತಾನೇ ಸಿಡಿಸಿ ಹಾಳುಮಾಡಿ ಅವನು ಬೆಂಗಳೂರಿನ ದಾರಿ ಹಿಡಿದ. ಸುದ್ದಿ ಹಡಗಿನಲ್ಲಿ ಲಂಡನ್ನಿಗೆ ಹೋಯಿತು. ಡಿಸೆಂಬರ್ 6ರಂದು ಅಲ್ಲಿ ಹ್ಯಾನಾ ಹಂಫ್ರಿ ಎಂಬಾಕೆ ಒಂದು ಚಿತ್ರ ಪ್ರಕಟಿಸಿದಳು. ಬರೆದವನು ಜೇಮ್ಸ್ ಗಿಲ್‌ರೇ. ಹೆಸರು ಮಳೆಗಾಲದ ಆಗಮನ, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟುವಿಕೆ. ಕೋಟೆಯ ಮೇಲೆ ನಿಂತ ಟಿಪ್ಪು ಓಡುತ್ತಿರುವ ಇಂಗ್ಲಿಷರ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಆ ಚಿತ್ರದ ಮಳೆಗಾಲ ಅದೇ! ತಮ್ಮದೇ ಸೇನಾಪತಿಯನ್ನು ಲಂಡನ್ನಿನ ಜನ ಹೀಗೆ ಕಾಸು ಕೊಟ್ಟು ಕೊಂಡು ನಕ್ಕರು.

ಈಗ ಮೆಟಲ್ ಪ್ರಿಂಟ್ ಎಂಬ ಹೊಸ ಅಲಂಕಾರ ಬಂದಿದೆ. ಹಳೆಯ ಕಾಲದ ರಾಜರಾಣಿಯರ ವ್ಯಂಗ್ಯಚಿತ್ರಗಳನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಮುದ್ರಿಸಿ ಹಾಲ್‌ನಲ್ಲಿ ತೂಗುಹಾಕುವುದು. ಬೀರೂರು, ಕಡೂರು, ಅಜ್ಜಂಪುರದ ಮನೆಗಳಿಗೆ ನಾನು ಹೇಳುವುದಾದರೆ ಮೊದಲು ಗಿಲ್‌ರೇಯ ಆ ಚಿತ್ರವನ್ನೇ ಹೇಳುತ್ತೇನೆ. ಕಾರಣ ದನ ಮೇಯುವ ನಮ್ಮ ಕಾವಲುಗಳು. ಬೆಣ್ಣೆ ಚಾವಡಿ ಎಂಬ ಮೈಸೂರು ಅರಸರ ದನಗಳ ಇಲಾಖೆಯನ್ನು ಹೈದರಾಲಿ ದೊಡ್ಡದು ಮಾಡಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಚಿದಂಬರದ ನೆರವಿಗೆ ಹೊರಟ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಕಾಲಬಲದಿಂದ. ಅತ್ತ ಕಾರ್ನ್‌ವಾಲಿಸ್ ದನಗಳಿಲ್ಲದೆ ಕೈಸೋತ, ಇತ್ತ ಟಿಪ್ಪುವಿನ ಬಲವೇ ದನ. ಆ ತಳಿಯನ್ನು ಇಂದಿಗೂ ಸಾಕುತ್ತಿರುವ ಸರ್ಕಾರಿ ಕೇಂದ್ರ ಅಜ್ಜಂಪುರದಲ್ಲಿದೆ. ಬೀರೂರು, ಬಾಸೂರು, ಲಿಂಗದಹಳ್ಳಿಯಲ್ಲಿ ಅದರ ಉಪಕೇಂದ್ರಗಳಿವೆ. ಲಂಡನ್ನಿನ ಆ ನಗೆಯ ಬೇರು ನಮ್ಮ ಹುಲ್ಲುಗಾವಲಿನಲ್ಲೂ ಇದೆ.

ಗಿಲ್‌ರೇ ಕೆಲಸ ಮಾಡಿದ್ದೂ ಲೋಹದ ಮೇಲೆಯೇ. 1756ರಲ್ಲಿ ಹುಟ್ಟಿದ ಅವನು ಹುಡುಗನಾಗಿದ್ದಾಗ ಲೋಹದ ಮೇಲೆ ಅಕ್ಷರ ಕೊರೆಯುವವನ ಬಳಿ ಕೆಲಸ ಕಲಿತ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಮೊನೆಯಿಂದ ಗೀಚಿ, ಆ್ಯಸಿಡ್‌ನಲ್ಲಿ ಮುಳುಗಿಸಬೇಕು. ಲೇಪ ಎದ್ದ ಕಡೆ ಮಾತ್ರ ಆ್ಯಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದ ಹಾಸಿ ಉರುಳೆಗಳ ನಡುವೆ ಒತ್ತಿದರೆ ಚಿತ್ರ ಕಾಗದಕ್ಕೆ ಬರುತ್ತದೆ. ಎಲ್ಲವೂ ಎಡಬಲ ಅದಲುಬದಲಾಗಿ ಮೂಡುವುದರಿಂದ ಮಾತುಗಳನ್ನೂ ಸಹಿಯನ್ನೂ ತಗಡಿನ ಮೇಲೆ ತಿರುಗುಮುರುಗಾಗಿಯೇ ಬರೆಯಬೇಕು. ಬಣ್ಣ ಆಮೇಲೆ, ಒಂದೊಂದು ಪ್ರತಿಗೂ ಕೈಯಿಂದ.

ಇಂದಿನ ವಿಧಾನ ಫೋಟೊ ಸ್ಟುಡಿಯೊದಲ್ಲಿ ಮಗ್ಗಿನ ಮೇಲೆ ಚಿತ್ರ ಹಾಕಿಕೊಡುತ್ತಾರಲ್ಲ, ಅದೇ. ವಿಶೇಷ ಇಂಕಿನಿಂದ ಮೊದಲು ಕಾಗದದ ಮೇಲೆ ಚಿತ್ರ ತೆಗೆದು, ಲೇಪವಿರುವ ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ಲೇಪದೊಳಗೆ ಇಳಿದು ನಿಲ್ಲುತ್ತದೆ. ಗಾಜು ಬೇಡ. ತರೀಕೆರೆಯ ಆಚೆ ಮಳೆ ಜೋರಿರುವ ಊರುಗಳಲ್ಲಿ ಗಾಜಿನೊಳಗೆ ಬೂಷ್ಟು ಬಂದು ಹಾಳಾದ ಪಟಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಬೆಳ್ಳಿಮೀನು ಹುಳಕ್ಕೂ ಇಲ್ಲಿ ತಿನ್ನಲು ಕಾಗದವಿಲ್ಲ. ನೇರ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ, ಬಣ್ಣ ಪೇಲವವಾಗುತ್ತದೆ.

ಆರ್ಡರ್ ಕೊಡುವಾಗ ಬಿಳಿ ಲೇಪದ, ಹೊಳಪಿಲ್ಲದ ಹಾಳೆಯನ್ನೇ ಕೇಳಿ. ಬರಿ ಬೆಳ್ಳಿಬಣ್ಣದ ಹಾಳೆಯಲ್ಲಿ ಚಿತ್ರದ ಬಿಳಿಯೆಲ್ಲ ಲೋಹವಾಗಿ ಕಾಣುತ್ತದೆ. ಹಳೆಯ ಕಾಗದದ ಹದ ಹೊರಟುಹೋಗುತ್ತದೆ. ಹೊಳಪಿನ ಹಾಳೆಯಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಬೇರೇನೂ ಕಾಣದು. 16 ಇಂಚು ಅಗಲ 12 ಇಂಚು ಎತ್ತರದ ಹಾಳೆಗೆ 4800 ಗುಣಿಲೆ 3600 ಪಿಕ್ಸೆಲ್‌ನ ಕಡತ ಇದ್ದರೆ ಗಿಲ್‌ರೇಯ ಕೂದಲೆಳೆಯ ಗೆರೆ ಉಳಿಯುತ್ತದೆ. ಮೂಲ ಚಿತ್ರಗಳೂ ಬಹುಮಟ್ಟಿಗೆ ಇಷ್ಟರ ಆಸುಪಾಸಿನವೇ. ಅದಕ್ಕಿಂತ ಬಹಳ ಹಿಗ್ಗಿಸುವುದು ನನಗೆ ಸರಿಕಾಣದು. ಗಿಲ್‌ರೇ ತೀರಿಕೊಂಡದ್ದು 1815ರಲ್ಲಿ, ಹಾಗಾಗಿ ಅವನ ಕೃತಿಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಆದರೆ ವಸ್ತುಸಂಗ್ರಹಾಲಯದವರು ತೆಗೆದ ಫೋಟೊ ಬಳಸುವುದಾದರೆ ಅವರ ಷರತ್ತು ಓದಿಕೊಳ್ಳಿ.

ಹಿರಿಯರು ಕೂರುವ ಹಜಾರಕ್ಕೆ ಉಚ್ಚೆಯ ಚಿತ್ರ ಬೇಡವೆನಿಸಿದರೆ ಅದು ಓದುವ ಕೋಣೆಯಲ್ಲಿರಲಿ. ಹಜಾರಕ್ಕೆ ಗಿಲ್‌ರೇಯ 1792ರ ಜೋಡಿ ಚಿತ್ರಗಳಿವೆ. ಒಂದರಲ್ಲಿ ಇಂಗ್ಲೆಂಡಿನ ಯುವರಾಜ ಹೊಟ್ಟೆ ಬಿರಿಯ ತಿಂದು ಮುಳ್ಳುಚಮಚದಿಂದ ಹಲ್ಲು ಕುಕ್ಕಿಕೊಳ್ಳುತ್ತಿದ್ದಾನೆ, ಪಕ್ಕದಲ್ಲಿ ತೀರಿಸದ ಸಾಲದ ಚೀಟಿಗಳು. ಇನ್ನೊಂದರಲ್ಲಿ ಅವನಪ್ಪ ಮೂರನೆಯ ಜಾರ್ಜ್, ತೇಪೆ ಹಾಕಿದ ಚಲ್ಲಣ ತೊಟ್ಟು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾನೆ. ದುಂದಿನ ಮಗ, ಜಿಪುಣ ಅಪ್ಪ. ಅಕ್ಕಪಕ್ಕ ಹಾಕಿದರೆ ಇಂಗ್ಲಿಷ್ ಬಾರದವರಿಗೂ ಅರ್ಥವಾಗುತ್ತದೆ.

ಅರಸರ ಪಟವನ್ನು ದೇವರ ಪಟದ ಸಾಲಿನಲ್ಲಿಟ್ಟು ಕೈಮುಗಿದ ಮನೆಗಳು ನಮ್ಮವು. ನಾಲ್ವಡಿ ಕೃಷ್ಣರಾಜ ಒಡೆಯರ ಭಾವಚಿತ್ರ ಇನ್ನೂ ಎಷ್ಟೋ ಹಜಾರಗಳಲ್ಲಿದೆ. ಅದು ಅಲ್ಲೇ ಇರಲಿ, ಲೇವಡಿಯ ಚಿತ್ರ ಎದುರು ಗೋಡೆಗೆ ಹೋಗಲಿ. ಚಿತ್ರದ ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಅಗತ್ಯ ಅಂಟಿಸಿ: ಬರೆದವನ ಹೆಸರು, ಇಸವಿ, ಯಾರನ್ನು ಏಕೆ ಆಡಿಕೊಂಡದ್ದು. ಶ್ರೀರಂಗಪಟ್ಟಣದ ಚಿತ್ರವಾದರೆ ಇನ್ನೊಂದು ಸಾಲು ಸೇರಿಸಿ, ಅಮೃತಮಹಲ್ ಎತ್ತುಗಳ ಬಗ್ಗೆ.