ಮಾಟ ಸುಳ್ಳೆಂದವನ ಪುಸ್ತಕ ಮಂತ್ರವಾದಿಗಳ ಕೈಗೆ

ಇಂಗ್ಲೆಂಡಿನ ಮಾಟ-ಮಂತ್ರದ ಇತಿಹಾಸ ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಹೆಸರು ರೆಜಿನಾಲ್ಡ್ ಸ್ಕಾಟ್. ಕೆಂಟ್ ಸೀಮೆಯ ಈ ಜಮೀನುದಾರ ಪಾದ್ರಿಯಲ್ಲ, ಮಾಂತ್ರಿಕನಂತೂ ಅಲ್ಲವೇ ಅಲ್ಲ. 1574ರಲ್ಲಿ ಅವನು ಬರೆದದ್ದು ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ಬೇಸಾಯದ ಪುಸ್ತಕ!

ಮಾಟ ಮಾಡಿ ಕೊಂದವರಿಗೆ ಗಲ್ಲು ಎಂಬ ಕಾನೂನು 1563ರಲ್ಲೇ ಬಂದಿತ್ತು. 1582ರಲ್ಲಿ ಎಸೆಕ್ಸ್‌ನ ಸೇಂಟ್ ಓಸಿತ್‌ನಲ್ಲಿ ಎಂಟು ವರ್ಷದ ಹುಡುಗನಿಂದ ಹೆತ್ತ ತಾಯಿ ಅರ್ಸುಲಾ ಕೆಂಪ್ ವಿರುದ್ಧ ಸಾಕ್ಷಿ ಹೇಳಿಸಿ, ಅವಳನ್ನು ನೇಣಿಗೇರಿಸಿದರು. ಎರಡು ವರ್ಷದ ಬಳಿಕ ಸ್ಕಾಟ್‌ನ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಅಚ್ಚಾಯಿತು. ಅವನ ವಾದ ನೇರ. ಬಡ ಮುದುಕಿ ಮನೆ ಬಾಗಿಲಿಗೆ ಬಂದು ಹಾಲೋ ಮತ್ತೊಂದೋ ಬೇಡುತ್ತಾಳೆ. ಇಲ್ಲವೆಂದಾಗ ಗೊಣಗಿಕೊಂಡು, ಶಪಿಸಿಕೊಂಡು ಹೋಗುತ್ತಾಳೆ. ಆಮೇಲೆ ಕರು ಸತ್ತರೆ, ಮಗುವಿಗೆ ಕಾಯಿಲೆಯಾದರೆ ಅವಳೇ ಮಾಟಗಾತಿ. ಸುಮಾರು ನಾಲ್ಕು ಶತಮಾನದ ಬಳಿಕ ಇತಿಹಾಸಕಾರರಾದ ಕೀತ್ ಥಾಮಸ್ ಮತ್ತು ಅಲನ್ ಮ್ಯಾಕ್‌ಫರ್ಲೇನ್ ನ್ಯಾಯಾಲಯದ ಕಡತ ಜಾಲಾಡಿ ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ.

ಸ್ಕಾಟ್ ಅಷ್ಟಕ್ಕೇ ಬಿಡಲಿಲ್ಲ. ನಾಣ್ಯ ಮಾಯ ಮಾಡುವುದು, ತಲೆ ಕಡಿದಂತೆ ತೋರಿಸುವುದು, ಇವೆಲ್ಲ ಬರೀ ಕೈಚಳಕವೆಂದು ಗುಟ್ಟು ಬಿಚ್ಚಿಟ್ಟ. ದೆವ್ವಗಳ ಹೆಸರು, ಅವನ್ನು ಕರೆಯುವ ಮಂಡಲ, ಮಂತ್ರಗಳನ್ನು ಗೇಲಿ ಮಾಡಲೆಂದೇ ಪುಟಗಟ್ಟಲೆ ಎತ್ತಿ ಬರೆದ. ಎಡವಟ್ಟಾದದ್ದು ಇಲ್ಲೇ. 1597ರಲ್ಲಿ ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ ತನ್ನ ‘ಡೀಮನಾಲಜಿ’ಯಲ್ಲಿ ಮಾಟ ಸುಳ್ಳೆಂದದ್ದಕ್ಕೆ ಹೆಸರು ಹಿಡಿದೇ ಸ್ಕಾಟ್‌ನನ್ನು ಖಂಡಿಸಿದ. ಆದರೆ ಪುಸ್ತಕದ ಹಣೆಬರಹ ತಿದ್ದಿದವರು ದೊರೆಗಳಲ್ಲ, ಕಳವು ಮಾಲು ಎಲ್ಲಿದೆಯೆಂದು ಹೇಳುವ, ಮಾಟ ತೆಗೆಯುವ, ತಾಯಿತ ಬರೆದುಕೊಡುವ ಊರ ಮಂತ್ರವಾದಿಗಳು. ಮಂತ್ರವಿದ್ಯೆ ಬಹುಪಾಲು ಲ್ಯಾಟಿನ್‌ನಲ್ಲಿ, ಹಸ್ತಪ್ರತಿಗಳಲ್ಲಿ ಅಡಗಿದ್ದ ಕಾಲ ಅದು. ಇಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ಅಚ್ಚಿನಲ್ಲಿ! ಗೇಲಿಯ ಪುಟ ಹಾರಿಸಿದರೆ ಆಯಿತು.

ಮುದ್ರಕರಿಗೂ ಈ ಗಿರಾಕಿಗಳ ವಾಸನೆ ಬಡಿದಿರಬೇಕು. ಸ್ಕಾಟ್ ತೀರಿಕೊಂಡು ಅರವತ್ತಾರು ವರ್ಷದ ಮೇಲೆ, 1665ರ ಆವೃತ್ತಿಯಲ್ಲಿ ಯಾರೋ ಅನಾಮಿಕ ಒಂಬತ್ತು ಹೊಸ ಅಧ್ಯಾಯ ತುರುಕಿದ. ಅವು ಮಂತ್ರವನ್ನು ಅಲ್ಲಗಳೆಯುವುದಿಲ್ಲ, ಕಲಿಸುತ್ತವೆ.

ಈ ಮಂತ್ರವಾದಿಗಳ ಕಸುಬು ತಿಳಿಯಲು ಓವೆನ್ ಡೇವಿಸ್‌ನ ‘ಕನಿಂಗ್-ಫೋಕ್’ ಓದಿ. ಥಾಮಸ್‌ನ 1971ರ ‘ರಿಲಿಜನ್ ಅಂಡ್ ದಿ ಡಿಕ್ಲೈನ್ ಆಫ್ ಮ್ಯಾಜಿಕ್’ ಬಲು ದಪ್ಪ. ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ.